ಅನುಭವವೂ ಪ್ರಕೃತಿದರ್ಶನವೂ: ಸಾಬರಮತಿ, ಕಾಳಿ, ಮಾರ್ಕಂಡಿ

ಪ್ರಾಚೀನ ಲಕ್ಷಣಕಾರರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ್ದರು. ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಮೊದಲಾದವು ಆ ಪಟ್ಟಿಯಲ್ಲಿ ಸೇರಿದ್ದುವು. ಕವಿಯು ಸಮುದ್ರವನ್ನು ಕಂಡಿರಲಿ, ಕಾಣದಿರಲಿ, ಅದನ್ನು ವರ್ಣಿಸಲೇಬೇಕಾಗಿತ್ತು. ಬಯಲುಸೀಮೆಯ ನಡುವೆ ಹುಟ್ಟಿ ಅಲ್ಲಿಯೇ ಕಾಲ ಕಳೆದವನೂ ಮುತ್ತು, ಹವಳ, ತಿಮಿಂಗಿಲಗಳಿಂದ ಕೂಡಿದ ಕಡಲೊಂದನ್ನು ಪೂರ್ವಕವಿಗಳ ಓಲೆಗಳಿಂದ ಎತ್ತಿ ತಂದು ತನ್ನ ಕಾವ್ಯದಲ್ಲಿ ಇರಿಸುತ್ತಿದ್ದನು. ಹೀಗಾಗಿ ಹಳೆಯ ಕಾವ್ಯಗಳ ಎಷ್ಟೋ ವರ್ಣನೆಗಳನ್ನು ಓದಿದರೆ ಕವಿಯ ವಿದ್ವತ್ತು ತಿಳಿಯುತ್ತದೆಯೇ ಹೊರತು ಅವನು ಯಾವ ಊರಿನ ನೀರು ಕುಡಿದವನೆಂಬುದು ತಿಳಿಯುವುದಿಲ್ಲ.

ಈ ಕಟ್ಟಳೆಯ ನಡುವೆಯೂ ಒಂದು ಕಡೆ ಕವಿಯ ಸ್ವಂತ ದನಿ ಕೇಳಿಬರುತ್ತದೆ. ಪಂಪನು ಹತ್ತನೆಯ ಶತಮಾನದಲ್ಲಿ, ಇಂದು ತೆಲಂಗಾಣದಲ್ಲಿರುವ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿದ್ದು ವಿಕ್ರಮಾರ್ಜುನವಿಜಯವನ್ನು ಬರೆದನು. ಅರ್ಜುನನು ತೀರ್ಥಯಾತ್ರೆಗೆ ಹೊರಟು ಬನವಾಸಿಯ ನಾಡನ್ನು ಸೇರಿದ ಸಂದರ್ಭದಲ್ಲಿ ಅಲ್ಲಿಯ ಗಾಳಿ, ಹೂವು, ಹಾಡುಗಳು ಮನಸ್ಸನ್ನು ಮತ್ತೆ ಮತ್ತೆ ಆ ನಾಡಿಗೇ ಎಳೆಯುತ್ತವೆಂಬ ಮಾತು ಬರುತ್ತದೆ. ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವ ಆ ಪದ್ಯಗಳು ಬನವಾಸಿಯಲ್ಲಿ ಕುಳಿತು ಬರೆದವುಗಳಲ್ಲ ಎಂಬ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತೇವೆ. ನಾಡನ್ನು ಬಿಟ್ಟು ದೂರವಿದ್ದವನ ಕಣ್ಣಿಗೆ ಕಂಡ ನಾಡು ಅದು. ಗುಜರಾತದ ಮೂರು ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದೂರವಿರುವುದೊಂದರಿಂದಲೇ ಲೇಖಕನ ಪ್ರಕೃತಿದರ್ಶನವೆಲ್ಲ ನಿರ್ಣಯವಾಗುತ್ತದೆಂದು ತಿಳಿಯುವುದು ಅವಸರದ ಮಾತಾದೀತು. ಅವನು ಆ ನೆಲವನ್ನು ಯಾವ ವಯಸ್ಸಿನಲ್ಲಿ ಕಂಡನು, ಅತಿಥಿಯಾಗಿ ಕಂಡನೋ ಮನೆಯ ಮಗನಾಗಿ ಕಂಡನೋ, ಕೈದಿಯಾಗಿ ಕಂಡನೋ ಒಕ್ಕಲಿಗನಾಗಿ ಕಂಡನೋ, ಇವೆಲ್ಲ ಸೇರಿಯೇ ಒಂದು ಹೊಳೆಯನ್ನೋ ಗುಡ್ಡವನ್ನೋ ಅವನಿಗೆ ತೋರಿಸಿಕೊಡುತ್ತವೆ. ಇದನ್ನು ಪರೀಕ್ಷಿಸುವುದಕ್ಕೆ ಅಹಮದಾಬಾದಿಗೂ ಕಾರವಾರಕ್ಕೂ ಸಂಬಂಧಪಟ್ಟ ಎರಡು ನಿದರ್ಶನಗಳು ಅನುಕೂಲವಾಗಿವೆ.

ಬ್ರಿಟಿಷರ ಕಾಲದಲ್ಲಿ ಸಾಬರಮತಿಯ ದಂಡೆಯೂ ಕಾಳಿನದಿಯ ಮುಖವೂ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದುವು. ನ್ಯಾಯಾಧೀಶನೊಬ್ಬನನ್ನು ಅಹಮದಾಬಾದಿನಿಂದ ಕಾರವಾರಕ್ಕೆ ವರ್ಗ ಮಾಡುವುದು ಆಗ ಸಾಮಾನ್ಯ ಸಂಗತಿ. ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಈ ಎರಡೂ ಊರುಗಳಲ್ಲಿ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು 1878ರಲ್ಲಿ, ಇಂಗ್ಲೆಂಡಿಗೆ ಹೊರಡುವ ಮುನ್ನ, ಅಹಮದಾಬಾದಿನ ಶಾಹಿಬಾಗಿನಲ್ಲಿ ಅಣ್ಣನ ಮನೆಯಲ್ಲಿ ಕೆಲವು ತಿಂಗಳು ಇದ್ದರು. ಆಗ ಅವರಿಗೆ ಹದಿನೇಳು ವರ್ಷ. ಮನೆಯೆಂದರೆ ಸಾಮಾನ್ಯ ಮನೆಯಲ್ಲ. ಮುಂದೆ ಶಾಹಜಹಾನನೆನಿಸಿದ ರಾಜಕುಮಾರ ಖುರ್ರಮನು ಗುಜರಾತದ ಸುಭೇದಾರನಾಗಿದ್ದಾಗ ಕಟ್ಟಿಸಿದ ಅರಮನೆ. ಅತ್ತಿಗೆಯೂ ಮಕ್ಕಳೂ ವಿಲಾಯತಿಯಲ್ಲಿದ್ದರು. ಅಣ್ಣ ಕಚೇರಿಗೆ ಹೋದ ಮೇಲೆ ಅಷ್ಟು ದೊಡ್ಡ ಕಟ್ಟಡದಲ್ಲಿ ಹುಡುಗನು ಒಬ್ಬನೇ. ಮಧ್ಯಾಹ್ನವೆಲ್ಲ ಪಾರಿವಾಳಗಳ ಗುಟುರು. ಕೆಳಗೆ ಬೇಸಗೆಯ ಸಾಬರಮತಿ, ಅಗಲವಾದ ಮರಳಿನ ಒಂದು ಅಂಚಿನಲ್ಲಿ ತೆಳ್ಳಗೆ ಹರಿಯುವ ನೀರು. ಈ ಚಿತ್ರವನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ದಾಖಲಿಸಿದ್ದಾರೆ.

ಆ ಸಾಬರಮತಿ ಅವರ ಬರಹದಲ್ಲಿ ಕೂಡಲೆ ಬರಲಿಲ್ಲ. ಹದಿನೇಳು ವರ್ಷಗಳ ತರುವಾಯ, 1895ರಲ್ಲಿ, 'ಕ್ಷುಧಿತ ಪಾಷಾಣ'ವೆಂಬ ಕಥೆಯಲ್ಲಿ ಬೇರೊಂದು ಹೆಸರು ತಳೆದು ಬಂದಿತು. ಆ ವೇಳೆಗೆ ಅವರು ಜಮೀನುದಾರಿಯ ಕೆಲಸಕ್ಕಾಗಿ ಬಂಗಾಳದ ಪದ್ಮಾನದಿಯ ಪ್ರದೇಶದಲ್ಲಿ ಇರುತ್ತಿದ್ದರು. ದಿನವೂ ತುಂಬುನೀರನ್ನೇ ನೋಡುತ್ತಿದ್ದರು. ಕಥೆಯಲ್ಲಿ ಹತ್ತಿಯ ಸುಂಕದ ಅಧಿಕಾರಿಯೊಬ್ಬನು ನದಿಯ ದಂಡೆಯ ಪಾಳು ಅರಮನೆಯಲ್ಲಿ ಇಳಿದುಕೊಳ್ಳುತ್ತಾನೆ; ರಾತ್ರಿಯಾದರೆ ಹಳೆಯ ಕಾಲದ ಜನರ ಸುಳಿವು ಅವನನ್ನು ಕಾಡುತ್ತದೆ. ಇಲ್ಲಿ ನದಿಯು ಗತಕಾಲಕ್ಕೆ ಇಳಿಯುವ ಮೆಟ್ಟಿಲಿನಂತೆ ಇದೆ. ಒಂಟಿ ಹುಡುಗನೊಬ್ಬನು ಖಾಲಿ ಕೋಣೆಗಳಲ್ಲಿ ಅಲೆದಾಡಿದ ಮಧ್ಯಾಹ್ನಗಳನ್ನು ಬಿಟ್ಟರೆ ಈ ನದಿಗೆ ಅಂತಹ ಗುಣ ಬರುವುದಕ್ಕೆ ಬೇರೆ ಕಾರಣವಿಲ್ಲ. ಅದೇ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಮರಳಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದವರಿಗೂ ಸಾಬರಮತಿಯಲ್ಲಿ ಭೂತಕಾಲ ಕಂಡಿರಲಾರದು.

1883ರಲ್ಲಿ ಅಣ್ಣನು ಕಾರವಾರದಲ್ಲಿದ್ದಾಗ ರವೀಂದ್ರರು ಅಲ್ಲಿಗೂ ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮನೆಯ ಬಂಧುಗಳೂ ಜೊತೆಗಿದ್ದರು. ಅರ್ಧಚಂದ್ರಾಕಾರದ ಮರಳದಂಡೆ, ಗಾಳಿಯ ತೋಪು, ಬೆಳುದಿಂಗಳಿನಲ್ಲಿ ದೋಣಿಯೇರಿ ಕಾಳಿನದಿಯಲ್ಲಿ ಮೇಲಕ್ಕೆ ಸಾಗಿ ಶಿವಾಜಿಯ ಕಾಲದ ಕೋಟೆಯೊಂದನ್ನು ನೋಡಿ ಬಂದ ರಾತ್ರಿ, ಇವು ಅವರ ಸ್ಮೃತಿಯಲ್ಲಿ ಉಳಿದುವು. ಅಲ್ಲಿಯೇ ಅವರು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಪ್ರಕೃತಿಯನ್ನು ಗೆದ್ದೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳು ತಿರುಗಿ ಲೋಕದ ಕಡೆಗೆ ಎಳೆಯುತ್ತಾಳೆ. ಸಾಬರಮತಿಯ ಅರಮನೆಯಲ್ಲಿ ಇಲ್ಲದಿದ್ದ ಜನರ ಒಡನಾಟ ಕಾರವಾರದಲ್ಲಿತ್ತು; ಕಡಲತಡಿಯಲ್ಲಿ ಹುಟ್ಟಿದ ಈ ಕೃತಿಯ ತಿರುಳೂ ಮನುಷ್ಯಸ್ನೇಹವೇ ಆಯಿತು. ಹೀಗಿದ್ದರೂ ಅವರು ಅಲ್ಲಿ ಅತಿಥಿಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಮದುವೆ ಕಲಕತ್ತೆಯಲ್ಲಿ ನಡೆಯಿತು. ಕಾರವಾರದ ಮಳೆಗಾಲವಾಗಲಿ, ಮೀನುಗಾರರ ಕಷ್ಟವಾಗಲಿ ಅವರ ಬರಹಕ್ಕೆ ಬರಲಿಲ್ಲ. ಬರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಇದೇ ಕಾರವಾರದಲ್ಲಿ ಕೆಲವೇ ವರ್ಷಗಳ ತರುವಾಯ ಒಬ್ಬ ಬಾಲಕನು ಬೆಳೆದನು. ಮುಂದೆ ಕಾಕಾ ಕಾಲೇಲ್ಕರರೆಂದು ಪ್ರಸಿದ್ಧರಾದ ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರರು 1885ರಲ್ಲಿ ಸಾತಾರೆಯಲ್ಲಿ ಹುಟ್ಟಿದರು. ತಂದೆಯ ಸರಕಾರಿ ನೌಕರಿಯ ನಿಮಿತ್ತ ಕುಟುಂಬವು ಊರಿಂದೂರಿಗೆ ಹೋಗುತ್ತಿತ್ತು. ಕಾರವಾರ, ಬೆಳಗಾವಿಯ ಪರಿಸರ, ಧಾರವಾಡದ ಕಡೆಯ ಊರುಗಳು ಅವರ ಬಾಲ್ಯದ ನೆಲೆಗಳಾದುವು. ಅವರ ಮನೆಮಾತು ಮರಾಠಿ. ಅವರನ್ನು ಕನ್ನಡಿಗರೆಂದು ಹೇಳಿಕೊಳ್ಳುವ ಹಕ್ಕು ಕನ್ನಡಕ್ಕಿಲ್ಲ. ಆದರೆ ಅವರ ಕಣ್ಣನ್ನು ತಿದ್ದಿದ ನೆಲದ ಬಹುಭಾಗ ಕನ್ನಡದ ನೆಲ. ಆ ಕಣ್ಣಿನಿಂದ ಕಂಡುದನ್ನು ಅವರು ಗುಜರಾತಿಯಲ್ಲಿ ಬರೆದರು. ಗಾಂಧೀಜಿ ಅವರನ್ನು 'ಸವಾಯಿ ಗುಜರಾತಿ', ಎಂದರೆ ಒಂದೂಕಾಲು ಪಾಲು ಗುಜರಾತಿ, ಎಂದು ಕರೆದುದು ಎಲ್ಲರಿಗೂ ತಿಳಿದ ಸಂಗತಿ. ಹೊರಗಿನಿಂದ ಬಂದು ನೆಲೆಸಿದವನಿಗೆ ಆ ನಾಡು ಕೊಡಬಹುದಾದ ಇದಕ್ಕಿಂತ ದೊಡ್ಡ ಬಿರುದಿಲ್ಲ.

ಕಾಲೇಲ್ಕರರು ನದಿಗಳನ್ನು ಕುರಿತು ಬರೆದ ಪ್ರಬಂಧಗಳು ಮೊದಲು 'ಲೋಕಮಾತಾ' ಎಂಬ ಹೆಸರಿನಿಂದ ಬಂದು, ಮುಂದೆ ಬೆಳೆದು 'ಜೀವನಲೀಲಾ' ಎಂಬ ಗ್ರಂಥವಾದುವು. ಸಂಸ್ಕೃತದಲ್ಲಿ 'ಜೀವನ'ವೆಂದರೆ ಬದುಕೂ ಹೌದು, ನೀರೂ ಹೌದು. ಹೆಸರಿನಲ್ಲಿಯೇ ಆ ಶ್ಲೇಷೆಯಿದೆ. ಗಂಗೆ, ಯಮುನೆ, ಕೃಷ್ಣೆಯರೆಲ್ಲ ಬರುವ ಈ ಗ್ರಂಥದಲ್ಲಿ ಬೆಳಗಾವಿಯ ಬಳಿಯ ಮಾರ್ಕಂಡಿಗೂ ಒಂದು ಪ್ರಬಂಧ ಮೀಸಲಾಗಿದೆ. ಘಟಪ್ರಭೆಯನ್ನು ಸೇರುವ ಈ ಚಿಕ್ಕ ಹೊಳೆಯನ್ನು ಭೂಗೋಲದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಕಾಲೇಲ್ಕರರು ಅದನ್ನು ದೇವಿಯೆನ್ನಲಿಲ್ಲ, ತಾಯಿಯೆನ್ನಲಿಲ್ಲ, ಸಖಿಯೆಂದರು. ಮಹಾನದಿಗಳ ಮುಂದೆ ಕೈಮುಗಿದು ನಿಲ್ಲುವ ಭಾರತೀಯ ಪರಂಪರೆಯಲ್ಲಿ ಹೊಳೆಯೊಂದನ್ನು ಆಟದ ಗೆಳತಿಯೆಂದು ಕರೆಯುವುದು ಸಣ್ಣ ಮಾತಲ್ಲ. ಅದರ ದಂಡೆಯಲ್ಲಿ ಕಾಲು ನೆನೆಸಿದ ಹುಡುಗನಿಗೆ ಮಾತ್ರ ಆ ಸಂಬೋಧನೆ ಸಾಧ್ಯ. ಗಂಗೆಯನ್ನು ಕುರಿತು ಬರೆಯುವಾಗ ಅವರ ಹಿಂದೆ ಪುರಾಣಗಳಿದ್ದುವು. ಮಾರ್ಕಂಡಿಯನ್ನು ಕುರಿತು ಬರೆಯುವಾಗ ಬಾಲ್ಯದ ಒಡನಾಟವಿತ್ತು.

1910ರ ಸುಮಾರಿಗೆ ಅವರು ವಡೋದರಾಕ್ಕೆ ಬಂದು ಗಂಗನಾಥ ವಿದ್ಯಾಲಯದಲ್ಲಿ ಶಿಕ್ಷಕರಾದರು. ಅಲ್ಲಿ ಶಿಕ್ಷಕರನ್ನು ಕುಟುಂಬದ ಹೆಸರುಗಳಿಂದ ಕರೆಯುವ ರೂಢಿಯಿತ್ತು. ಒಬ್ಬರು ಮಾಮಾ, ಒಬ್ಬರು ಅಣ್ಣಾ, ಇವರು ಕಾಕಾ. ಜೀವಮಾನವೆಲ್ಲ ಉಳಿದ ಹೆಸರು ವಡೋದರೆಯ ಕೊಡುಗೆ. ವಿದ್ಯಾಲಯವು ಮುಚ್ಚಿದ ಮೇಲೆ 1912ರಲ್ಲಿ ಹಿಮಾಲಯಕ್ಕೆ ಹೊರಟು ಕಾಲ್ನಡಿಗೆಯಿಂದ ಸಂಚರಿಸಿದರು. ತರುವಾಯ ಸಾಬರಮತಿಯ ಆಶ್ರಮ, ಗುಜರಾತ ವಿದ್ಯಾಪೀಠ. ಹಿಮಾಲಯದ ಪ್ರವಾಸಕಥನವು ಗುಜರಾತಿಯಲ್ಲಿ ಬಹು ಜನಪ್ರಿಯವಾದ ಗ್ರಂಥ. ಆದರೆ ಪ್ರಸ್ತುತ ವಿಷಯಕ್ಕೆ ಅದಕ್ಕಿಂತ ಮಹತ್ವದ್ದು 'ಓತರಾತೀ ದೀವಾಲೋ' ಎಂಬ ಚಿಕ್ಕ ಪುಸ್ತಕ. 'ಉತ್ತರದ ಗೋಡೆಗಳು' ಎಂದು ಅದರ ಅರ್ಥ. ಗಾಂಧೀಜಿ ಸೆರೆಯಲ್ಲಿದ್ದಾಗ 'ನವಜೀವನ'ದ ಹೊಣೆಯನ್ನು ಹೊತ್ತಿದ್ದ ಕಾಲೇಲ್ಕರರಿಗೆ 1923ರಲ್ಲಿ ಒಂದು ವರ್ಷದ ಶಿಕ್ಷೆಯಾಯಿತು. ಸಾಬರಮತಿ ಸೆರೆಮನೆಯಲ್ಲಿ ಕಂಡ ಇರುವೆ, ಅಳಿಲು, ಕಾಗೆ, ಮರ, ಮೋಡಗಳೇ ಆ ಪುಸ್ತಕದ ವಸ್ತು.

ಬೆಟ್ಟಸಾಲುಗಳನ್ನೇ ನಡೆದು ದಾಟಿದವನಿಗೆ ಈಗ ದೊರೆತ ಪ್ರಕೃತಿ ಒಂದು ಅಂಗಳದಷ್ಟು. ಹಿಮಾಲಯದಲ್ಲಿ ಅವರು ಮುಂದಿನ ಶಿಖರಕ್ಕಾಗಿ ನಡೆದರು, ಸೆರೆಮನೆಯಲ್ಲಿ ಇರುವೆಯ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕುಳಿತು ನೋಡಿದರು. ಗುಜರಾತಿಯ ಲಲಿತ ಪ್ರಬಂಧಗಳಲ್ಲಿ ಈ ಪುಸ್ತಕಕ್ಕೆ ಗೌರವದ ಸ್ಥಾನವಿರುವುದು ಇದರಲ್ಲಿ ರಾಜಕೀಯ ಕೈದಿಯ ದೂರು ಇಲ್ಲದಿರುವುದರಿಂದಲೇ ಎಂದು ತೋರುತ್ತದೆ. ಗೋಡೆಯು ನೋಟವನ್ನು ತಡೆಯಿತು ನಿಜ. ತಡೆದು, ಹತ್ತಿರದ್ದನ್ನು ತೋರಿಸಿತು. ಗೋಡೆಗೆ ತಡೆಯಲಾಗದ ಒಂದೇ ಒಂದು ವಿಶಾಲ ವಸ್ತುವೆಂದರೆ ಆಕಾಶ. ನಕ್ಷತ್ರಗಳ ಗೀಳು ಕಾಲೇಲ್ಕರರಿಗೆ ಬಹಳ ಇತ್ತು. 1930ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯ ಜೊತೆಗಿದ್ದಾಗಲೂ ಅದನ್ನು ಬಿಡಲಿಲ್ಲ. ಗಾಂಧೀಜಿಗೂ ಮುಂದೆ ಅದೇ ಸೆರೆಮನೆಯಲ್ಲಿ ನಕ್ಷತ್ರವೀಕ್ಷಣೆಯ ಆಸಕ್ತಿ ಹುಟ್ಟಿತು.

ಆದರೆ ಹಗಲಿನ ಪ್ರಕೃತಿಯ ವಿಷಯದಲ್ಲಿ ಈ ಇಬ್ಬರೂ ಬೇರೆ ಬೇರೆ ಧ್ರುವಗಳು. 1927ರಲ್ಲಿ ಗಾಂಧೀಜಿಯ ಮೈಸೂರು ಸೀಮೆಯ ಪ್ರವಾಸವು ಶಿವಮೊಗ್ಗೆಯ ಕಡೆಗೆ ಬಂದಾಗ ಗೇರುಸೊಪ್ಪೆಯ ಜಲಪಾತವನ್ನು ನೋಡಲು ಬರಬೇಕೆಂದು ಕಾಲೇಲ್ಕರರು ಒತ್ತಾಯಿಸಿದರು. ಅದರ ಎತ್ತರವನ್ನು ಬಣ್ಣಿಸಿದಾಗ, ಆಕಾಶದಿಂದ ಬೀಳುವ ಮಳೆ ಎಷ್ಟು ಎತ್ತರದಿಂದ ಬೀಳುತ್ತದೆಂದು ಗಾಂಧೀಜಿ ಕೇಳಿದರಂತೆ. ಮಹಾದೇವ ದೇಸಾಯಿಯವರನ್ನಾದರೂ ಕಳುಹಿಸಿರೆಂದರೆ ಅವರಿಗೆ ತಾನೇ ಗೇರುಸೊಪ್ಪೆಯೆಂದು ನಕ್ಕುಬಿಟ್ಟರಂತೆ. ಈ ಪ್ರಸಂಗವನ್ನು ಕಾಲೇಲ್ಕರರೇ ಬರೆದಿದ್ದಾರೆ. ಕಾಲೇಲ್ಕರರು ಹೋದರು, ನೋಡಿದರು, ಬರೆದರು. ಮುಂದೆಯೂ ಹೋಗಿ ಮತ್ತೆ ಬರೆದರು. ಆ ಕಾಲದ ಜೋಗ ಇಂದಿನ ಜೋಗವಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದ ಮೇಲೆ 830 ಅಡಿಯ ಆ ಬಂಡೆಯ ಮೇಲಿಂದ ಶರಾವತಿಯು ಎಷ್ಟು ಬೀಳಬೇಕೆಂಬುದು ಜಲಾಶಯದ ಮಟ್ಟವನ್ನು ಅವಲಂಬಿಸಿದೆ. ಹೀಗೆ ಲೇಖಕನ ವಯಸ್ಸಿನಂತೆ ನದಿಯ ವಯಸ್ಸೂ ಅವನ ದರ್ಶನದಲ್ಲಿ ಸೇರಿಕೊಳ್ಳುತ್ತದೆ.

ಕಾಲೇಲ್ಕರರು ಕುಲನಾಯಕರಾಗಿದ್ದ ಗುಜರಾತ ವಿದ್ಯಾಪೀಠದಲ್ಲಿ 1931ರಲ್ಲಿ ಒಬ್ಬ ತರುಣನು ಅವರ ಸಾನ್ನಿಧ್ಯದಲ್ಲಿದ್ದು 'ವಿಶ್ವಶಾಂತಿ'ಯೆಂಬ ಕಾವ್ಯವನ್ನು ಬರೆದನು. ಅವರೇ ಉಮಾಶಂಕರ ಜೋಶಿ. ಸಾಬರಕಾಂಠಾ ಪ್ರದೇಶದ ಬಾಮಣಾ ಎಂಬ ಹಳ್ಳಿಯಲ್ಲಿ, ಅರಾವಳಿಯ ಕೊನೆಯ ಗುಡ್ಡಗಳ ಮಗ್ಗುಲಲ್ಲಿ, 1911ರಲ್ಲಿ ಹುಟ್ಟಿದವರು. 1967ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯನ್ನು ಇವರ 'ನಿಶೀಥ'ಕ್ಕೂ ಕುವೆಂಪು ಅವರ 'ಶ್ರೀರಾಮಾಯಣದರ್ಶನಂ' ಮಹಾಕಾವ್ಯಕ್ಕೂ ಹಂಚಿಕೊಡಲಾಯಿತು. ಗುಜರಾತದ ಕನ್ನಡಿಗರು ಈ ಸಹಯೋಗವನ್ನು ಸಭೆಗಳಲ್ಲಿ ನೆನೆಯುವುದುಂಟು. ಆದರೆ ಇಬ್ಬರೂ ಗುಡ್ಡದ ಹುಡುಗರು, ಇಬ್ಬರೂ ವಿದ್ಯೆಗಾಗಿ ಗುಡ್ಡ ಬಿಟ್ಟು ಪಟ್ಟಣ ಸೇರಿದವರು, ಇಬ್ಬರೂ ಮುಂದೆ ವಿಶ್ವವಿದ್ಯಾಲಯಗಳ ಕುಲಪತಿಗಳಾದವರು ಎಂಬ ಸಾಮ್ಯವನ್ನು ಅಷ್ಟಾಗಿ ಗಮನಿಸಿಲ್ಲ.

ಸಾಮ್ಯದೊಳಗಿನ ಭೇದವೇ ಹೆಚ್ಚು ಬೋಧಕವಾದುದು. ಕುಪ್ಪಳಿಯ ಹುಡುಗನಿಗೆ ಕಾಡು ಮನೆಯ ಹಿತ್ತಿಲಿನಿಂದಲೇ ಆರಂಭವಾಗುತ್ತಿತ್ತು. ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದ ನಾಡದು. ಅವರ 'ಮಲೆನಾಡಿನ ಚಿತ್ರಗಳು' 1933ರಲ್ಲಿ ಬಂದಾಗ ಅವರು ಇದ್ದುದು ಮೈಸೂರಿನಲ್ಲಿ. ದಿನವೂ ಸಂಚಾರ ಹೋಗುತ್ತಿದ್ದುದು ಕುಕ್ಕರಹಳ್ಳಿಯ ಕೆರೆಯ ಏರಿಯ ಮೇಲೆ. ದಟ್ಟವಾದುದು, ತುಂಬಿದುದು, ಮನುಷ್ಯನನ್ನು ಸುತ್ತುವರಿದುದು ಅವರ ಪ್ರಕೃತಿ. ಬಾಮಣೆಯ ಹುಡುಗನ ಗುಡ್ಡಗಳು ಬೋಳು ಬಂಡೆಗಳವು. ಅಲ್ಲಿ ಕಣ್ಣು ದೂರ ಹೋಗುತ್ತದೆ, ರಾತ್ರಿಯಾದರೆ ಮೇಲೆ ಏರುತ್ತದೆ. ಜೋಶಿಯವರ ಶೀರ್ಷಿಕೆಕವನವು ಮಧ್ಯರಾತ್ರಿಯನ್ನು ನರ್ತಕನಾಗಿ ಕಂಡು ಸಂಬೋಧಿಸುವುದು ಆಕಸ್ಮಿಕವೆನ್ನಲಾಗದು. ಕುವೆಂಪು ಅವರ ಪ್ರಕೃತಿಪ್ರೇಮವನ್ನು ವರ್ಡ್ಸ್‌ವರ್ತನ ಪ್ರಭಾವವೆಂದು ಒಂದೇ ಮಾತಿನಲ್ಲಿ ಮುಗಿಸುವ ವಿಮರ್ಶಕರಿದ್ದಾರೆ. ಆಂಗ್ಲಕವಿಗಳು ನೋಡುವ ಬಗೆಯನ್ನು ಕಲಿಸಿರಬಹುದು. ಕುಪ್ಪಳಿಯ ಕಾಡನ್ನು ಅವರು ಕೊಡಲಿಲ್ಲ.

ಕಡಲಿನ ವಿಷಯದಲ್ಲಿಯೂ ಇಂತಹ ಒಂದು ಭೇದ ಕನ್ನಡದಲ್ಲಿ ಕಾಣುತ್ತದೆ. ವಿ. ಕೃ. ಗೋಕಾಕರು ಕಡಲಿಲ್ಲದ ಸವಣೂರಿನವರು. 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಹಡಗಿನ ದೀರ್ಘಪ್ರಯಾಣ ಅವರಿಗೆ ಒದಗಿತು. 'ಸಮುದ್ರಗೀತೆಗಳು' ಅದರ ಫಲ. ಅಲ್ಲಿಯ ಕಡಲು ಅನಂತದ ಸಂಕೇತ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲು ಸಂಕೇತವಾಗುವ ಮೊದಲು ನೆರೆಮನೆಯಂತೆ ಬಾಳಿನ ಅಂಗವಾಗಿದೆ; ಅದರ ಮೊರೆತವನ್ನು ಕೇಳುತ್ತಲೇ ಹೆಂಗಸರು ಗೇಯುತ್ತಾರೆ. ಇವುಗಳಲ್ಲಿ ಯಾವುದು ನಿಜವಾದ ಕಡಲೆಂದು ಕೇಳುವುದು ವ್ಯರ್ಥ. ಗೋಕಾಕರು 1940ರ ದಶಕದಲ್ಲಿ ಉತ್ತರ ಗುಜರಾತದ ವಿಸನಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರೆಂಬುದನ್ನೂ ಇಲ್ಲಿಯ ಓದುಗರು ನೆನೆಯಬಹುದು.

ಇನ್ನು ಈ ಮೂರು ನಗರಗಳ ಕನ್ನಡ ಬರಹದ ಮಾತು. ಹೊರನಾಡಿನ ಸಂಘಗಳ ಸ್ಮರಣಸಂಚಿಕೆಗಳನ್ನು ತಿರುವಿ ನೋಡಿದರೆ ಪ್ರಕೃತಿಯ ಕವನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಹಸುರು ಮಲೆ, ಜುಳುಜುಳು ತೊರೆ, ಸಹ್ಯಾದ್ರಿಯ ಮಂಜು ಇವೇ ಬರುತ್ತವೆ. ಬರೆದವರು ಮಲೆನಾಡಿನವರಾದರೆ ಯಾವ ಆಕ್ಷೇಪವೂ ಇಲ್ಲ. ವಿಜಯಪುರದವನೂ ರಾಯಚೂರಿನವನೂ ಗುಜರಾತದಲ್ಲಿ ಕುಳಿತು ತಾನು ಬಾಳದ ಮಲೆನಾಡಿಗಾಗಿ ಹಂಬಲಿಸುವುದು ಮಾತ್ರ ಸೋಜಿಗ. 'ಕನ್ನಡದ ಪ್ರಕೃತಿ'ಯೆಂದರೆ ಇಂತಹದೇ ಎಂಬ ಕಟ್ಟಳೆಯೊಂದು ನವೋದಯದ ಅನಂತರ ಬೆಳೆದುಬಿಟ್ಟಿದೆ. ಹದಿನೆಂಟು ವರ್ಣನೆಗಳು ಬೇರೊಂದು ಬಾಗಿಲಿನಿಂದ ಒಳಗೆ ಬಂದಂತಾಗಿದೆ. ವಡೋದರೆಯಿಂದ ಭರೂಚದವರೆಗಿನ ಕಾನಮ್ ಪ್ರದೇಶದ ನೆಲ ಹತ್ತಿ ಬೆಳೆಯುವ ಕಪ್ಪು ನೆಲ. ಬೇಸಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಕಾಲಿಗೆ ಅಂಟಿಕೊಳ್ಳುತ್ತದೆ. ಗದಗು, ವಿಜಯಪುರಗಳ ಎರೆಯನ್ನು ತುಳಿದವನಿಗೆ ರೈಲಿನ ಕಿಟಕಿಯಿಂದಲೇ ಅದರ ಗುರುತು ಸಿಗಬೇಕು. ಮಾರ್ಕಂಡಿಯ ಹುಡುಗನು ಗಂಗೆಯ ದಂಡೆಯಲ್ಲಿ ಮಾಡಿದುದು ಇಂತಹ ಗುರುತುಹಿಡಿಯುವ ಕೆಲಸವನ್ನೇ. ಹಾಗೆಯೇ ಸೂರತ್ತಿನ ಕನ್ನಡಿಗನು ಆಗುಂಬೆಯ ಬೆಟ್ಟಸಾಲಿನಿಂದ ತೀರ ಬೇರ್ಪಟ್ಟವನಲ್ಲ. ಸುಮಾರು 1600 ಕಿಲೋಮೀಟರು ಉದ್ದದ ಪಶ್ಚಿಮಘಟ್ಟಗಳ ಉತ್ತರದ ತುದಿ ತಾಪಿಯ ತೆಂಕಣಕ್ಕೇ ಇದೆ.

ಇಲ್ಲಿಯೇ ಹುಟ್ಟಿದ ಮಕ್ಕಳ ಸಂಗತಿ ಬೇರೆ. ಅವರ ತಂದೆತಾಯಿಗಳು ಊರಿನ ಹೊಳೆಯನ್ನು ಕಳೆದುಕೊಂಡವರು. ಮಕ್ಕಳು ಕಳೆದುಕೊಂಡಿಲ್ಲ, ಅವರಿಗೆ ಬೇರೆ ನದಿ ದೊರೆತಿದೆ. ಅಹಮದಾಬಾದಿನ ಮಗು ಕಾಣುವ ಸಾಬರಮತಿಯು ರವೀಂದ್ರರು ಕಂಡ ಮರಳಿನ ನದಿಯಲ್ಲ. 2012ರಲ್ಲಿ ತೆರೆದ ಕಾಂಕ್ರೀಟಿನ ದಂಡೆಗಳ ನಡುವೆ ನರ್ಮದಾ ಕಾಲುವೆಯಿಂದ ಬಂದ ನೀರು ಬೇಸಗೆಯಲ್ಲಿಯೂ ತುಂಬಿ ನಿಂತಿರುತ್ತದೆ. ಹೆಸರು ಸಾಬರಮತಿ, ನೀರು ನರ್ಮದೆ. ಸೂರತ್ತಿನವರಿಗೆ ತಾಪಿಯೆಂದರೆ 2006ರ ಆಗಸ್ಟಿನಲ್ಲಿ ಉಕಾಯಿ ಜಲಾಶಯದಿಂದ ನೀರು ಬಿಟ್ಟಾಗ ಮನೆಗಳ ಕೆಳ ಅಂತಸ್ತು ಮುಳುಗಿದ ನೆನಪು. ವಡೋದರೆಯ ವಿಶ್ವಾಮಿತ್ರಿಯಲ್ಲಿ ಊರಿನ ನಡುವೆಯೇ ಮೊಸಳೆಗಳಿವೆ. 2019ರಲ್ಲಿಯೂ 2024ರಲ್ಲಿಯೂ ನೆರೆ ಬಂದಾಗ ಅವು ಬೀದಿಗಳಲ್ಲಿ ಕಾಣಿಸಿಕೊಂಡುವು. ಅಲ್ಲಿಯ ಕನ್ನಡ ಮನೆಯೊಂದರ ಮಗುವಿಗೆ ಅಜ್ಜಿಯು ಹೊಳೆಯ ಕಥೆ ಹೇಳತೊಡಗಿದರೆ, ಆ ಹೊಳೆಯಲ್ಲಿ ಮೊಸಳೆ ಎಷ್ಟಿದ್ದುವೆಂಬುದು ಅದರ ಮೊದಲ ಪ್ರಶ್ನೆಯಾದೀತು. ಬೇಸಗೆಯ ರಜೆಯಲ್ಲಿ ಶಿವಮೊಗ್ಗೆಗೆ ಹೋಗಿ ತುಂಗೆಯ ಮೆಟ್ಟಿಲಿನ ಮೇಲೆ ನಿಂತಾಗಲೂ ಅದು ನೀರಿಗಿಳಿಯುವ ಮೊದಲು ಒಮ್ಮೆ ಸುತ್ತಲೂ ನೋಡೀತು. ಹಾಗೆ ನೋಡಿದವನು ಬರೆದ ತುಂಗೆ ಕನ್ನಡಕ್ಕೆ ಹೊಸದು.